ಕಾಕುಸ್ಥವರ್ಮ

ಕಾಕುಸ್ಥವರ್ಮನು (ಆಳ್ವಿಕೆ ಸುಮಾರು ಕ್ರಿ.ಶ. 425–450) ಬನವಾಸಿಯ ಕದಂಬ ವಂಶದ ಪ್ರಸಿದ್ಧ ಅರಸ. ಈತನು ಭಗೀರಥನ ಮಗ ಹಾಗೂ ರಘುವಿನ ತಮ್ಮ. ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ಅಂದಿನ ದೊಡ್ಡ ರಾಜವಂಶಗಳಿಗೆ ಕೊಟ್ಟು ಸಂಬಂಧ ಬೆಳೆಸಿದವನೆಂದು ಭಾರತದ ಇತಿಹಾಸದಲ್ಲಿ ಈತನ ಹೆಸರು ಉಳಿದಿದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಸ್ತಂಭಶಾಸನವು ಈತನ ಜೀವನಕ್ಕೆ ಮುಖ್ಯ ಆಧಾರ. ಹಲಸಿಯ ತಾಮ್ರಪಟ ಮತ್ತು ಹಲ್ಮಿಡಿಯ ಕನ್ನಡ ಶಾಸನಗಳಲ್ಲಿಯೂ ಈತನ ಹೆಸರು ಬರುತ್ತದೆ. ಕದಂಬರ ಸಿಂಹಲಾಂಛನವು ವಂಶದ ಗುರುತಾಗಿದ್ದರೂ ಮದುವೆಯ ನಂಟನ್ನು ಅದು ತೋರಿಸಲಿಲ್ಲ. ಆ ನಂಟು ದಾಖಲಾದದ್ದು ಶಾಸನದ ಪದ್ಯಗಳಲ್ಲಿ ಮತ್ತು ಅಳಿಯ ಮನೆತನಗಳ ವಂಶಾವಳಿಗಳಲ್ಲಿ. ಕಾಕುಸ್ಥವರ್ಮನ ಚರಿತ್ರೆಯು ಈ ಪದ್ಧತಿಗೆ ಕರ್ನಾಟಕದ ಅತ್ಯಂತ ಹಳೆಯ ನಿದರ್ಶನಗಳಲ್ಲಿ ಒಂದು.

ಹಿನ್ನೆಲೆ

ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕದಂಬ ರಾಜ್ಯದ ಮೂಲ ನೆಲೆಗೆ ಸೇರಿದ ಪ್ರದೇಶ. ರಾಜಧಾನಿಯಾದ ಬನವಾಸಿಯು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ಸೊರಬದ ಗಡಿಗೆ ಸಮೀಪವಾಗಿ ವರದಾ ನದಿಯ ದಂಡೆಯ ಮೇಲಿದೆ. ಅಂಬ್ಲಿಗೊಳ, ತಾಳಗುಂದ, ಬಳ್ಳಿಗಾವೆ, ಮಳವಳ್ಳಿ ಮುಂತಾದ ಊರುಗಳನ್ನೊಳಗೊಂಡ ಈ ಸೀಮೆಯಲ್ಲಿ ಕದಂಬರಿಗಿಂತ ಮೊದಲು ಚುಟು ಕುಲದ ಶಾತಕರ್ಣಿಗಳು ಆಳಿದ್ದರು. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದಲ್ಲಿ ಚುಟು ಅರಸನ ದಾನಶಾಸನವೂ ಅದರ ಬಳಿಕ ಕದಂಬ ಅರಸನ ಪ್ರಾಕೃತ ಶಾಸನವೂ ಇವೆ.

ತಾಳಗುಂದದ ಹಳೆಯ ಹೆಸರು ಸ್ಥಾನಕುಂದೂರು. ಅದು ವೇದಾಧ್ಯಯನಕ್ಕೆ ಹೆಸರಾದ ಅಗ್ರಹಾರವಾಗಿತ್ತು. ಕದಂಬರು ತಮ್ಮನ್ನು ಮಾನವ್ಯ ಗೋತ್ರದವರೆಂದೂ ಹಾರೀತಿಯ ಸಂತತಿಯವರೆಂದೂ ಹೇಳಿಕೊಂಡಿದ್ದಾರೆ. ಮನೆಯ ಹತ್ತಿರವಿದ್ದ ಕದಂಬ ಮರವನ್ನು ಪೋಷಿಸುತ್ತಿದ್ದ ಕಾರಣ ಮನೆತನಕ್ಕೆ ಆ ಮರದ ಹೆಸರೇ ಬಂದಿತೆಂದು ತಾಳಗುಂದ ಶಾಸನವು ವಿವರಿಸುತ್ತದೆ.

ವಂಶದ ಮೂಲಪುರುಷನಾದ ಮಯೂರಶರ್ಮನು ತನ್ನ ಗುರು ವೀರಶರ್ಮನೊಂದಿಗೆ ವಿದ್ಯಾಭ್ಯಾಸಕ್ಕಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆಸವಾರನೊಡನೆ ನಡೆದ ಜಗಳದಲ್ಲಿ ಅವಮಾನಗೊಂಡು ಶಸ್ತ್ರ ಹಿಡಿದು, ಕೊನೆಗೆ ಪಲ್ಲವರಿಂದಲೇ ಅರಸನೆಂಬ ಮನ್ನಣೆಯನ್ನು ಪಡೆದನು. ಆತನ ಬಳಿಕ ಬಂದ ಕಂಗವರ್ಮನ ಕಾಲದಿಂದ ಹೆಸರಿನ ಕೊನೆಯ ‘ಶರ್ಮ’ ಹೋಗಿ ‘ವರ್ಮ’ ಬಂದಿತು. ಅಧ್ಯಯನ, ಅಧ್ಯಾಪನಗಳಲ್ಲಿದ್ದ ಮನೆತನವು ಕ್ಷತ್ರಿಯ ವೃತ್ತಿಯನ್ನು ಹಿಡಿದದ್ದಕ್ಕೆ ಈ ಬದಲಾವಣೆ ಕುರುಹಾಗಿದೆ. ಮುಂದಿನ ಅರಸರು ಧರಿಸಿದ ಭಗೀರಥ, ರಘು, ಕಾಕುಸ್ಥ ಎಂಬ ಹೆಸರುಗಳೆಲ್ಲವೂ ಇಕ್ಷ್ವಾಕು ಕುಲದ ಸೂರ್ಯವಂಶದ ಕಥೆಗಳಿಂದ ಬಂದವು. ಹೊಸದಾಗಿ ಅರಸುತನ ಪಡೆದ ಮನೆತನಕ್ಕೆ ಹಳೆಯ ಅರಸುಕುಲಗಳ ಸಾಲಿನಲ್ಲಿ ಸ್ಥಾನ ದೊರೆಯಬೇಕಾಗಿತ್ತು. ಕಾಕುಸ್ಥವರ್ಮನ ವಿವಾಹ ನೀತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಯುವರಾಜನಾಗಿ

ಭಗೀರಥನ ಬಳಿಕ ಹಿರಿಯ ಮಗ ರಘು ಪಟ್ಟಕ್ಕೆ ಬಂದನು. ರಘುವು ಅನೇಕ ಯುದ್ಧಗಳಲ್ಲಿ ಹೋರಾಡಿ ಮುಖದ ಮೇಲೆ ಶತ್ರುಗಳ ಆಯುಧಗಳ ಗುರುತುಗಳನ್ನು ಹೊತ್ತಿದ್ದನೆಂದು ತಾಳಗುಂದ ಶಾಸನ ತಿಳಿಸುತ್ತದೆ. ಕಾಕುಸ್ಥವರ್ಮನು ಅಣ್ಣನ ಕಾಲದಲ್ಲಿ ಯುವರಾಜನಾಗಿದ್ದು ಪಲಾಶಿಕಾ ಪ್ರದೇಶದ ಆಡಳಿತವನ್ನು ನೋಡಿಕೊಳ್ಳುತ್ತಿದ್ದನೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಪಲಾಶಿಕಾ ಎಂದರೆ ಇಂದಿನ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿ.

ಹಲಸಿಯಲ್ಲಿ ದೊರೆತು ಜೆ. ಎಫ್. ಫ್ಲೀಟ್ ಪ್ರಕಟಿಸಿದ ತಾಮ್ರಪಟಗಳಲ್ಲಿ ಒಂದು ಕಾಕುಸ್ಥವರ್ಮನದು. ಅದರಲ್ಲಿ ಈತನು ಕದಂಬರ ಯುವರಾಜನೆಂದು ಹೆಸರಿಸಲ್ಪಟ್ಟಿದ್ದಾನೆ. ತನ್ನ ಪ್ರಾಣವನ್ನು ಉಳಿಸಿದ ಸೇನಾಪತಿ ಶ್ರುತಕೀರ್ತಿಗೆ ಜಮೀನನ್ನು ದಾನ ಮಾಡಿದ್ದು ಅದರ ವಿಷಯ. ಶಾಸನವು ಜಿನೇಂದ್ರನ ಸ್ತುತಿಯಿಂದ ಆರಂಭವಾಗುತ್ತದೆ. ವೈದಿಕ ಮನೆತನದ ಯುವರಾಜನು ಜೈನ ಸೇನಾಪತಿಯನ್ನು ಗೌರವಿಸಿದ ಈ ದಾನವು ಕದಂಬರ ಧಾರ್ಮಿಕ ಉದಾರತೆಗೆ ನಿದರ್ಶನವಾಗಿ ಉಲ್ಲೇಖಗೊಳ್ಳುತ್ತದೆ. ಶಾಸನದಲ್ಲಿ ಬರುವ 80ನೆಯ ವರ್ಷವನ್ನು ಕದಂಬ ರಾಜ್ಯದ ಸ್ಥಾಪನೆಯಿಂದ ಎಣಿಸಬೇಕೆಂದು ಕೆಲವರೂ ಗುಪ್ತ ಶಕದಿಂದ ಎಣಿಸಬೇಕೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಕಾಕುಸ್ಥವರ್ಮನ ಕಾಲನಿರ್ಣಯದಲ್ಲಿ ಕಾಣುವ ವ್ಯತ್ಯಾಸಗಳಿಗೆ ಇದೇ ಮುಖ್ಯ ಕಾರಣ.

ಆಳ್ವಿಕೆ

ರಘುವಿನ ಬಳಿಕ ಕಾಕುಸ್ಥವರ್ಮನು ಬನವಾಸಿಯ ಸಿಂಹಾಸನವನ್ನೇರಿದನು. ಬಲಶಾಲಿಗಳೊಡನೆ ಯುದ್ಧ, ದೀನರಲ್ಲಿ ದಯೆ, ಪ್ರಜಾಪಾಲನೆ ಮತ್ತು ವಿದ್ವಾಂಸರ ಸತ್ಕಾರ ಈತನ ಗುಣಗಳೆಂದು ತಾಳಗುಂದ ಶಾಸನ ಎಣಿಸುತ್ತದೆ. ಬಂಧುಗಳೂ ಆಶ್ರಿತರೂ ಈತನ ನಾಡಿನಲ್ಲಿ ನೆಮ್ಮದಿ ಕಂಡರೆಂದೂ ನೆರೆಯ ಅರಸರು ಈತನನ್ನು ಮನ್ನಿಸಿದರೆಂದೂ ಅದು ವರ್ಣಿಸುತ್ತದೆ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತು 1936ರಲ್ಲಿ ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದ ಶಾಸನದಲ್ಲಿ ಕದಂಬ ಅರಸನಾಗಿ ಕಾಕುಸ್ಥನ ಹೆಸರಿದೆ. ಈ ಶಾಸನದ ಕಾಲ ಸುಮಾರು ಕ್ರಿ.ಶ. 450 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಕೇಕಯ ಮತ್ತು ಪಲ್ಲವರ ವಿರುದ್ಧದ ಕಾಳಗದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಳ್ಚು ಆಗಿ ಕೊಟ್ಟದ್ದನ್ನು ಅದು ದಾಖಲಿಸುತ್ತದೆ. ಬಾಳ್ಗಳ್ಚು ಎಂಬುದು ವೀರನ ಕತ್ತಿಯನ್ನು ತೊಳೆದು ಭೂಮಿಯನ್ನು ಕೊಡುವ ಗೌರವ. ಆಳುಪರ ಪಶುಪತಿ, ಸೇಂದ್ರಕ ಮತ್ತು ಬಾಣರ ಪ್ರಸ್ತಾಪವೂ ಇದರಲ್ಲಿದೆ. ಆದ್ದರಿಂದ ಕಾಕುಸ್ಥವರ್ಮನ ಕಾಲದಲ್ಲಿ ಕದಂಬರ ಸುತ್ತ ಅನೇಕ ಸಣ್ಣ ಅರಸುಮನೆತನಗಳು ಕೂಡಿಕೊಂಡಿದ್ದವೆಂದು ತಿಳಿಯುತ್ತದೆ. ಶಾಸನದ ಮೇಲ್ಭಾಗದಲ್ಲಿ ಚಕ್ರದ ಚಿತ್ರವಿದ್ದು, ಪಠ್ಯವು ವಿಷ್ಣುಸ್ತುತಿಯಿಂದ ಆರಂಭವಾಗುತ್ತದೆ.

ವಿವಾಹ ಸಂಬಂಧಗಳು

ತಾಳಗುಂದ ಶಾಸನದ ಒಂದು ಪದ್ಯವು ಕಾಕುಸ್ಥವರ್ಮನನ್ನು ಸೂರ್ಯನಿಗೂ, ಈತನ ಹೆಣ್ಣುಮಕ್ಕಳನ್ನು ಸೂರ್ಯನ ಕಿರಣಗಳಿಗೂ, ಗುಪ್ತರೇ ಮೊದಲಾದ ರಾಜಕುಲಗಳನ್ನು ಆ ಕಿರಣಗಳಿಂದ ಅರಳುವ ತಾವರೆಗಳಿಗೂ ಹೋಲಿಸುತ್ತದೆ. ಈ ರೂಪಕದಲ್ಲಿ ಬೆಳಕು ಹೊರಡುವುದು ಕನ್ಯೆಯರ ತವರಿನಿಂದ. ಉತ್ತರ ಭಾರತದ ಬಹುಭಾಗವನ್ನು ಆಳುತ್ತಿದ್ದ ಗುಪ್ತರು ಕದಂಬರಿಗಿಂತ ಬಹಳ ದೊಡ್ಡ ಶಕ್ತಿಯಾಗಿದ್ದರೂ, ಶಾಸನಕವಿಯು ಗೌರವದ ಮೂಲವನ್ನು ಬನವಾಸಿಯಲ್ಲಿಯೇ ಇರಿಸಿದ್ದಾನೆ.

ಗುಪ್ತರು: ಗುಪ್ತರ ಹೆಸರು ಶಾಸನದಲ್ಲಿ ಸ್ಪಷ್ಟವಾಗಿದೆ. ಅಳಿಯನಾದ ರಾಜಕುಮಾರನ ಹೆಸರನ್ನು ಅದು ಹೇಳುವುದಿಲ್ಲವಾದ್ದರಿಂದ ಒಂದನೆಯ ಕುಮಾರಗುಪ್ತ, ಸ್ಕಂದಗುಪ್ತ ಮೊದಲಾದವರ ಹೆಸರುಗಳನ್ನು ವಿದ್ವಾಂಸರು ಸೂಚಿಸಿದ್ದಾರೆ. ವಿಕ್ರಮಾದಿತ್ಯನು ಕಾಳಿದಾಸನನ್ನು ಕುಂತಲದ ಅರಸನ ಬಳಿಗೆ ದೂತನಾಗಿ ಕಳುಹಿಸಿದನೆಂಬ ಸಾಹಿತ್ಯಪರಂಪರೆಯೊಂದಿದೆ. ಕೆಲವು ಇತಿಹಾಸಕಾರರು ಅದನ್ನು ಈ ಸಂಬಂಧದೊಡನೆ ಜೋಡಿಸಿದರೆ, ಉಳಿದವರು ಆ ಕುಂತಲೇಶ್ವರನು ಬೇರೆಯವನೆಂದು ಹೇಳುತ್ತಾರೆ.

ವಾಕಾಟಕರು: ವಾಕಾಟಕ ಅರಸ ನರೇಂದ್ರಸೇನನ ರಾಣಿ ಅಜ್ಝಿತಭಟ್ಟಾರಿಕೆಯು ಕುಂತಲದ ಅರಸನ ಮಗಳೆಂದು ಆಕೆಯ ಮಗ ಎರಡನೆಯ ಪೃಥಿವೀಷೇಣನ ಬಾಲಾಘಾಟ್ ತಾಮ್ರಪಟಗಳು ತಿಳಿಸುತ್ತವೆ. ಆ ಕುಂತಲದ ಅರಸನು ಕಾಕುಸ್ಥವರ್ಮನೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಅದು ಸರಿಯಾದರೆ ಕಾಕುಸ್ಥವರ್ಮನ ಪುತ್ರಿಯರಲ್ಲಿ ಹೆಸರಿನಿಂದ ತಿಳಿದಿರುವವಳು ಈಕೆಯೇ.

ಗಂಗರು: ತಡಂಗಾಲ ಮಾಧವನೆಂದು ಪ್ರಸಿದ್ಧನಾದ ಗಂಗ ಅರಸನು ಕದಂಬ ಕೃಷ್ಣವರ್ಮನ ತಂಗಿಯನ್ನು ಮದುವೆಯಾಗಿದ್ದನು. ಇವರ ಮಗ ಅವಿನೀತನನ್ನು ಗಂಗರ ತಾಮ್ರಪಟಗಳು ಕೃಷ್ಣವರ್ಮನ ಪ್ರೀತಿಯ ಸೋದರಳಿಯನೆಂದು ಪರಿಚಯಿಸುತ್ತವೆ. ಈ ಕೃಷ್ಣವರ್ಮನನ್ನು ಸಾಮಾನ್ಯವಾಗಿ ಕಾಕುಸ್ಥವರ್ಮನ ಮಗನೆಂದು ಗುರುತಿಸುವುದರಿಂದ ಅವಿನೀತನು ಕಾಕುಸ್ಥವರ್ಮನ ಮಗಳ ಮಗನಾಗುತ್ತಾನೆ.

ಕರಾವಳಿಯ ಆಳುಪರೊಡನೆಯೂ ಕದಂಬರಿಗೆ ನಂಟಸ್ತನವಿತ್ತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಈ ಸಂಬಂಧಗಳ ರಾಜಕೀಯ ಫಲವು ಗಮನಾರ್ಹವಾದುದು. ಕದಂಬರ ಉತ್ತರಕ್ಕೆ ವಾಕಾಟಕರೂ ಆಗ್ನೇಯಕ್ಕೆ ಗಂಗರೂ ಇದ್ದರು. ಪೂರ್ವದಲ್ಲಿ ಪಲ್ಲವರೊಡನೆ ಹಗೆತನ ಮುಂದುವರಿದಿತ್ತು. ಗಡಿಯ ಅರಸರನ್ನು ಅಳಿಯಂದಿರನ್ನಾಗಿ ಮಾಡಿಕೊಂಡದ್ದರಿಂದ ಬನವಾಸಿಗೆ ಎರಡು ದಿಕ್ಕುಗಳಲ್ಲಿ ಭದ್ರತೆ ದೊರೆಯಿತು.

ಲಾಂಛನ ಮತ್ತು ಕುಲಸಂಬಂಧ

ಪ್ರಾಚೀನ ಭಾರತದ ಪ್ರತಿಯೊಂದು ದೊಡ್ಡ ಅರಸುಮನೆತನಕ್ಕೂ ತಾಮ್ರಪಟದ ಮುದ್ರೆ, ನಾಣ್ಯ ಮತ್ತು ಧ್ವಜಗಳ ಮೇಲೆ ಬಳಸುವ ಗುರುತುಗಳಿದ್ದವು. ಗುಪ್ತರಿಗೆ ಗರುಡ, ಗಂಗರಿಗೆ ಮದಗಜ, ಪಲ್ಲವರಿಗೆ ವೃಷಭ, ಬಾದಾಮಿಯ ಚಾಲುಕ್ಯರಿಗೆ ವರಾಹ ಲಾಂಛನವಾಗಿದ್ದವು. ಕದಂಬರ ಲಾಂಛನ ಸಿಂಹ, ಧ್ವಜ ವಾನರಧ್ವಜ. ಹಾನಗಲ್ಲು ಮತ್ತು ಗೋವೆಯ ಕದಂಬರ ಶಾಸನಗಳ ಬಿರುದಾವಳಿಯಲ್ಲಿ ಇವೆರಡೂ ಪೆರ್ಮಟ್ಟಿ ಎಂಬ ವಾದ್ಯದೊಡನೆ ಮತ್ತೆ ಮತ್ತೆ ಬರುತ್ತವೆ. ಬನವಾಸಿಯ ಒಡೆಯರೆಂಬ ಬಿರುದನ್ನೂ ಅವರು ಬಿಡಲಿಲ್ಲ.

ಯುರೋಪಿನಲ್ಲಿ 12ನೆಯ ಶತಮಾನದಿಂದ ಬೆಳೆದ ಲಾಂಛನ ಪದ್ಧತಿಯಲ್ಲಿ ಮದುವೆಯನ್ನು ಗುರಾಣಿಯ ಚಿತ್ರದಲ್ಲಿಯೇ ತೋರಿಸುವ ನಿಯಮಗಳಿವೆ. ಗುರಾಣಿಯನ್ನು ಉದ್ದಕ್ಕೆ ಎರಡಾಗಿ ಭಾಗಿಸಿ, ಅದನ್ನು ಹಿಡಿದವನ ಬಲಕ್ಕೆ ಗಂಡನ ಲಾಂಛನವನ್ನೂ ಎಡಕ್ಕೆ ಹೆಂಡತಿಯ ತವರಿನ ಲಾಂಛನವನ್ನೂ ಇರಿಸುವುದು ಸಾಮಾನ್ಯ ಕ್ರಮ. ಹೆಂಡತಿಗೆ ಸಹೋದರರಿಲ್ಲದೆ ಆಕೆಯೇ ತವರಿನ ವಾರಸುದಾರಳಾಗಿದ್ದರೆ, ಇಂಗ್ಲೆಂಡಿನ ಪದ್ಧತಿಯಂತೆ ಆಕೆಯ ಲಾಂಛನವನ್ನು ಗಂಡನ ಗುರಾಣಿಯ ನಡುವೆ ಚಿಕ್ಕದಾಗಿ ಬರೆಯುತ್ತಾರೆ. ಮಕ್ಕಳು ಗುರಾಣಿಯನ್ನು ನಾಲ್ಕು ಭಾಗ ಮಾಡಿ ತಂದೆತಾಯಿಯರಿಬ್ಬರ ಲಾಂಛನಗಳನ್ನೂ ಧರಿಸುತ್ತಾರೆ. ಹೀಗೆ ಗುರಾಣಿಯನ್ನು ನೋಡಿದವರಿಗೆ ಮನೆತನಗಳ ನಂಟು ಓದದೆಯೇ ತಿಳಿಯುತ್ತದೆ.

ಕದಂಬರಲ್ಲಿಯೂ ಅವರ ಬೀಗರಲ್ಲಿಯೂ ಇಂತಹ ಕೂಡಿಕೆ ಕಾಣುವುದಿಲ್ಲ. ಕದಂಬರ ಮಗಳು ಗಂಗರ ಮನೆಗೆ ಹೋದರೂ ಗಂಗರ ಮುದ್ರೆಯ ಆನೆಯ ಪಕ್ಕದಲ್ಲಿ ಸಿಂಹ ಬರಲಿಲ್ಲ. ಲಾಂಛನವು ಗಂಡುಸಂತತಿಯ ಕುಲಕ್ಕೆ ಸೇರಿದ್ದಾಗಿ ಉಳಿದು, ಹೆಣ್ಣಿನ ಕಡೆಯ ನಂಟನ್ನು ಹೇಳುವ ಕೆಲಸವನ್ನು ಅದೇ ತಾಮ್ರಪಟದ ಅಕ್ಷರಗಳು ವಹಿಸಿಕೊಂಡವು. ಅವಿನೀತನ ಪ್ರಶಸ್ತಿಯಲ್ಲಿ ಸೋದರಮಾವನ ಹೆಸರು ಬರುವುದು ಇದೇ ರೀತಿಯದು. ಮುದ್ರೆಯು ತಂದೆಯ ಕುಲವನ್ನೂ ಪಠ್ಯವು ತಾಯಿಯ ಕುಲವನ್ನೂ ಸಾರುತ್ತಿತ್ತು.

ಗುಪ್ತರಲ್ಲಿ ಇದಕ್ಕೆ ಅಪರೂಪದ ಅಪವಾದವೊಂದಿದೆ. ಒಂದನೆಯ ಚಂದ್ರಗುಪ್ತ ಮತ್ತು ಲಿಚ್ಛವಿ ಕುಲದ ಕುಮಾರದೇವಿಯ ಚಿನ್ನದ ನಾಣ್ಯದ ಒಂದು ಬದಿಯಲ್ಲಿ ದಂಪತಿಗಳ ಚಿತ್ರ ಹಾಗೂ ಹೆಸರುಗಳೂ, ಇನ್ನೊಂದು ಬದಿಯಲ್ಲಿ ಸಿಂಹದ ಮೇಲೆ ಕುಳಿತ ದೇವಿಯೊಡನೆ ಲಿಚ್ಛವಿಗಳ ಹೆಸರೂ ಇವೆ. ಅವರ ಮಗ ಸಮುದ್ರಗುಪ್ತನು ಲಿಚ್ಛವಿಗಳ ದೌಹಿತ್ರನೆಂದು ಶಾಸನಗಳಲ್ಲಿ ಹೆಸರಾಗಿದ್ದಾನೆ. ವಾಕಾಟಕರ ಸೊಸೆಯಾಗಿ ಹೋದ ಗುಪ್ತ ರಾಜಕುಮಾರಿ ಪ್ರಭಾವತಿಗುಪ್ತೆಯು ತನ್ನ ಪುಣೆ ತಾಮ್ರಪಟದಲ್ಲಿ ಮೊದಲು ತವರಿನ ಗುಪ್ತ ವಂಶಾವಳಿಯನ್ನೇ ಕೊಟ್ಟಿದ್ದಾಳೆ. ಕಾಕುಸ್ಥವರ್ಮನ ಹೆಣ್ಣುಮಕ್ಕಳು ಸೇರಿದ ಮನೆತನಗಳು ತಾಯಿಯ ಕಡೆಯ ನಂಟಿಗೆ ಎಷ್ಟು ಬೆಲೆ ಕೊಡುತ್ತಿದ್ದವೆಂಬುದು ಈ ಎರಡು ಉದಾಹರಣೆಗಳಿಂದ ತಿಳಿಯುತ್ತದೆ.

ತಾಳಗುಂದ ಶಾಸನಕ್ಕೂ ಈ ದಾಖಲೆಗಳಿಗೂ ನಡುವೆ ಮುಖ್ಯವಾದ ಒಂದು ವ್ಯತ್ಯಾಸವಿದೆ. ತಾಳಗುಂದದ ಪದ್ಯವು ಅಳಿಯ ಮನೆತನದ ಹೆಸರನ್ನು ಹೇಳುತ್ತದೆಯೇ ಹೊರತು ಅಲ್ಲಿಗೆ ಹೋದ ಹೆಣ್ಣುಮಕ್ಕಳ ಹೆಸರುಗಳನ್ನು ಹೇಳುವುದಿಲ್ಲ. ಅಜ್ಝಿತಭಟ್ಟಾರಿಕೆಯ ಹೆಸರು ಉಳಿದದ್ದು ಆಕೆಯ ಮಗನ ತಾಮ್ರಪಟದಿಂದ. ತವರಿನ ಶಾಸನದಲ್ಲಿ ಮಗಳಾಗಿ ಹೆಸರಿಲ್ಲದವಳು ಗಂಡನ ಮನೆಯ ಶಾಸನದಲ್ಲಿ ಅರಸನ ತಾಯಿಯಾಗಿ ಹೆಸರು ಪಡೆದಳು. ತಾಳಗುಂದದಲ್ಲಿಯೇ ಇದರ ಇನ್ನೊಂದು ಮುಖವೂ ಕಾಣಸಿಗುತ್ತದೆ. ಕಾಕುಸ್ಥವರ್ಮನ ಮೊಮ್ಮಗ ಮೃಗೇಶವರ್ಮನ ರಾಣಿ, ಕೇಕಯ ಕುಲದ ಪ್ರಭಾವತಿಯ ಹೆಸರು ಅಲ್ಲಿನ ಮತ್ತೊಂದು ಶಾಸನದಲ್ಲಿದೆ. ಆಕೆ ಅರಸ ರವಿವರ್ಮನ ತಾಯಿ. ಹಲ್ಮಿಡಿ ಶಾಸನದಲ್ಲಿ ಶತ್ರುಗಳಾಗಿ ಕಾಣುವ ಕೇಕಯರು ಎರಡು ತಲೆಮಾರಿನೊಳಗೆ ಕದಂಬರ ಬೀಗರಾಗಿದ್ದರೆಂಬುದೂ ಇದರಿಂದ ಗೊತ್ತಾಗುತ್ತದೆ.

ತಾಳಗುಂದದ ಕೆರೆ ಮತ್ತು ಸ್ತಂಭಶಾಸನ

ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ಕಾಕುಸ್ಥವರ್ಮನು ದೊಡ್ಡ ಕೆರೆಯೊಂದನ್ನು ಕಟ್ಟಿಸಿದನು. ಅಲ್ಲಿನ ಶಿವಾಲಯದಲ್ಲಿ ಹಿಂದೆ ಶಾತಕರ್ಣಿ ಮೊದಲಾದ ಅರಸರು ಪೂಜೆ ಸಲ್ಲಿಸಿದ್ದರು. ಸ್ತಂಭಶಾಸನದ ನೇರ ಉದ್ದೇಶ ಈ ಕೆರೆಯ ನಿರ್ಮಾಣವನ್ನು ದಾಖಲಿಸುವುದು. ವಂಶದ ಕಥೆಯೂ ವಿವಾಹ ಸಂಬಂಧಗಳೂ ಅದರ ಪೀಠಿಕೆಯಾಗಿ ಬಂದಿವೆ.

ಶಾಸನವನ್ನು ಬರೆಸಿದವನು ಕಾಕುಸ್ಥವರ್ಮನ ಮಗ ಶಾಂತಿವರ್ಮ. ಸಂಸ್ಕೃತ ಕಾವ್ಯಶೈಲಿಯ ಪದ್ಯಗಳನ್ನು ರಚಿಸಿ ಕಲ್ಲಿನ ಮೇಲೆ ಬರೆದವನು ಕವಿ ಕುಬ್ಜ. ತಂದೆ ಬೆಳೆಸಿದ ನಂಟುಗಳನ್ನು ಮಗನು ಮೂಲ ಅಗ್ರಹಾರದಲ್ಲಿಯೇ, ವಂಶದ ಹುಟ್ಟಿನ ಕಥೆಯೊಂದಿಗೆ ಕಂಬದ ಮೇಲೆ ಕೆತ್ತಿಸಿದ್ದರಿಂದ ಅವು ಕದಂಬರ ಕುಲಗೌರವದ ಭಾಗವಾದವು. 1894ರಲ್ಲಿ ಬಿ. ಎಲ್. ರೈಸ್ ಈ ಶಾಸನವನ್ನು ಪತ್ತೆಹಚ್ಚಿದರು. ಅದು ಎಪಿಗ್ರಾಫಿಯ ಕರ್ನಾಟಿಕದ ಶಿಕಾರಿಪುರ ತಾಲ್ಲೂಕಿನ ಶಾಸನಗಳಲ್ಲಿ ಪ್ರಕಟವಾಗಿದೆ. ಎಫ್. ಕೀಲ್‌ಹಾರ್ನ್ ಅದನ್ನು ಎಪಿಗ್ರಾಫಿಯ ಇಂಡಿಕದ 8ನೆಯ ಸಂಪುಟದಲ್ಲಿ ವಿವರವಾಗಿ ಸಂಪಾದಿಸಿದರು.

ಇತ್ತೀಚಿನ ದಶಕಗಳಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ನಡೆಸಿದ ಉತ್ಖನನದಲ್ಲಿ ಸಿಂಹದ ಕಟಾಂಜನದ ಮೇಲೆ ಬರೆದ ಶಾಸನವೊಂದು ದೊರೆತಿದೆ. ಅದು ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದು ಪ್ರತಿಪಾದಿಸಲಾಗಿದೆ.

ಉತ್ತರಾಧಿಕಾರಿಗಳು

ಕಾಕುಸ್ಥವರ್ಮನ ಬಳಿಕ ಹಿರಿಯ ಮಗ ಶಾಂತಿವರ್ಮನು ಬನವಾಸಿಯಲ್ಲಿ ಪಟ್ಟಕ್ಕೆ ಬಂದನು. ಇನ್ನೊಬ್ಬ ಮಗನಾದ ಕೃಷ್ಣವರ್ಮನಿಂದ ತ್ರಿಪರ್ವತದ ಶಾಖೆ ಆರಂಭವಾಯಿತು. ಕೃಷ್ಣವರ್ಮನು ಅಶ್ವಮೇಧ ಯಾಗ ಮಾಡಿದನೆಂದು ಆತನ ವಂಶಜರ ಶಾಸನಗಳು ಹೇಳುತ್ತವೆ. ಹೊರಗಿನ ಮನೆತನಗಳನ್ನು ನಂಟಿನಿಂದ ಕಟ್ಟಿಕೊಂಡ ಕಾಕುಸ್ಥವರ್ಮನ ಸಂತತಿಯಲ್ಲಿಯೇ ಒಡಕು ಮೂಡಿ, ಎರಡು ಶಾಖೆಗಳ ನಡುವೆ ಮುಂದೆ ಅಧಿಕಾರಕ್ಕಾಗಿ ಹೋರಾಟಗಳು ನಡೆದವು. ಶಾಂತಿವರ್ಮನ ಮಗ ಮೃಗೇಶವರ್ಮನು ತಂದೆಯ ನೆನಪಿಗಾಗಿ ಹಲಸಿಯಲ್ಲಿ ಜಿನಾಲಯವನ್ನು ಕಟ್ಟಿಸಿದನು. 6ನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಏಳಿಗೆಯೊಂದಿಗೆ ಬನವಾಸಿಯ ಸ್ವತಂತ್ರ ಅರಸುತನ ಕೊನೆಗೊಂಡಿತು.

ಪರಂಪರೆ

ಕಾಕುಸ್ಥವರ್ಮನ ಕಾಲದಲ್ಲಿ ಕಂಡ ಪದ್ಧತಿಯು ಕದಂಬರ ನಂತರದ ಶಾಖೆಗಳಲ್ಲಿಯೂ ಮುಂದುವರಿಯಿತು. ಗೋವೆಯ ಕದಂಬ ಅರಸ ಎರಡನೆಯ ಜಯಕೇಶಿಯು ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಮದುವೆಯಾದನು. ಈ ಸಂಬಂಧವನ್ನು ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಆದರೂ ಗೋವೆಯ ಕದಂಬರ ಚಿನ್ನದ ನಾಣ್ಯಗಳ ಮೇಲೆ ಚಾಲುಕ್ಯರ ವರಾಹ ಬರಲಿಲ್ಲ; ಸಿಂಹ ಮತ್ತು ಕುಲದೈವ ಸಪ್ತಕೋಟೀಶ್ವರನ ಹೆಸರು ಹಾಗೆಯೇ ಉಳಿದವು.

ಆಧುನಿಕ ಕಾಲದಲ್ಲಿ ಜಾರ್ಜ್ ಎಂ. ಮೊರಾಯಿಸ್ ಅವರು 1931ರಲ್ಲಿ ಪ್ರಕಟಿಸಿದ ಕದಂಬ ಕುಲದ ಇತಿಹಾಸವು ಕಾಕುಸ್ಥವರ್ಮನ ಬಗೆಗಿನ ಅಧ್ಯಯನಕ್ಕೆ ತಳಹದಿಯಾಯಿತು. ಬನವಾಸಿಯಲ್ಲಿ ಕರ್ನಾಟಕ ಸರ್ಕಾರವು ನಡೆಸುವ ಕದಂಬೋತ್ಸವ ಮತ್ತು ಕಾರವಾರದ ನೌಕಾನೆಲೆಯಾದ ಐ.ಎನ್.ಎಸ್. ಕದಂಬ ಈ ವಂಶದ ಹೆಸರನ್ನು ಉಳಿಸಿಕೊಂಡಿವೆ. ಕಾಕುಸ್ಥವರ್ಮನ ಹೆಸರನ್ನು ಹೊತ್ತ ಸ್ತಂಭಶಾಸನವು ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಇಂದಿಗೂ ಇದೆ.